ಮದುವೆಯಾಗದ ಹೆಂಗಸು, ಹೊರದೇಶದ ಮಗು: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾದವಳು. ವಯಸ್ಸು 44. ಮದುವೆಯಾಗಿಲ್ಲ. ನರ್ಸ್ ಕೆಲಸಕ್ಕೆ ಅಂತ 2016ರಲ್ಲಿ ಪೂರ್ವ ಆಫ್ರಿಕಾದ ಒಂದು ದೇಶಕ್ಕೆ ಹೋದೆ. 2025ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಮಗಳ ಕೈ ಹಿಡಿದು ವಾಪಸ್ ಬಂದೆ. ಅಂದಿನಿಂದ ಫೋನ್ ಬರುತ್ತಲೇ ಇದೆ. ಶಿರಸಿಯಿಂದ, ಹೊನ್ನಾವರದಿಂದ, ಕಾರವಾರದಿಂದ. ಹೆಚ್ಚಿನವರು ನನ್ನ ಹಾಗೇ ಒಂಟಿಯಾಗಿರುವ ಹೆಂಗಸರು. ಎಲ್ಲರಿಗೂ ಅದೇ ಸಂಶಯಗಳು, ಅದೇ ಹೆದರಿಕೆ. ಅದಕ್ಕೇ ಒಂದು ಸಲ ಕೂತು ಬರೆದಿದ್ದೇನೆ.

ಆ ದೇಶದ ಹೆಸರು ಬರೆಯುವುದಿಲ್ಲ. ಮಗಳ ಹೆಸರೂ ಇಲ್ಲ. ನಮ್ಮದು ಸಣ್ಣ ಊರು, ಅವಳ ಕಥೆ ಅವಳದ್ದು. ದೊಡ್ಡವಳಾದ ಮೇಲೆ ಬೇಕಾದರೆ ಅವಳೇ ಹೇಳಿಕೊಳ್ಳಲಿ.

ಮದುವೆಯಾಗದವರಿಗೆ ಮಗು ಕೊಡ್ತಾರಾ ಅಕ್ಕ?

ಕೊಡ್ತಾರೆ. ಹಿಂದೂ ದತ್ತಕ ಕಾಯ್ದೆ 1956ರದ್ದು. ಮದುವೆಯಾಗದ ಹೆಣ್ಣಿಗೆ ದತ್ತು ಪಡೆಯುವ ಹಕ್ಕು ಅದರಲ್ಲಿ ಆಗಲೇ ಇತ್ತು. ಗಂಡನಿದ್ದ ಹೆಂಗಸಿಗೆ ತನ್ನ ಹೆಸರಿನಲ್ಲಿ ದತ್ತು ಪಡೆಯುವ ಹಕ್ಕು ಬಂದಿದ್ದು 2010ರ ತಿದ್ದುಪಡಿಯ ನಂತರ. ಇದನ್ನು ಕೇಳಿದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ.

ಇನ್ನೊಂದು ದಾರಿ 2015ರ ಬಾಲನ್ಯಾಯ ಕಾಯ್ದೆ. ಅದಕ್ಕೆ ಜಾತಿ ಧರ್ಮ ಇಲ್ಲ. ಒಂಟಿ ಹೆಂಗಸು ಗಂಡು ಮಗುವನ್ನೂ ಪಡೆಯಬಹುದು, ಹೆಣ್ಣು ಮಗುವನ್ನೂ ಪಡೆಯಬಹುದು. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗು ಕೊಡುವುದಿಲ್ಲ. ವಯಸ್ಸಿನ ಲೆಕ್ಕ 2022ರ ನಿಯಮಗಳಲ್ಲಿದೆ. ಒಬ್ಬರೇ ಆದರೆ ಎರಡು ವರ್ಷದ ಒಳಗಿನ ಮಗುವಿಗೆ ನಿಮ್ಮ ವಯಸ್ಸು 40 ದಾಟಿರಬಾರದು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಅದಕ್ಕಿಂತ ದೊಡ್ಡ ಮಗುವಿಗೆ 55. ನಿಮಗೂ ಮಗುವಿಗೂ ಕಡಿಮೆ ಎಂದರೆ 25 ವರ್ಷ ಅಂತರ ಇರಬೇಕು. ಹೊರದೇಶದ ಮಗುವಾದರೆ ಆ ದೇಶದ ಕಾನೂನು ಏನು ಹೇಳುತ್ತದೆ ಅಂತ ಮೊದಲು ನೋಡಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇಲ್ಲೇ ಇಷ್ಟು ಅನಾಥ ಮಕ್ಕಳಿರುವಾಗ ಅಲ್ಲಿಂದ ಯಾಕೆ ತಂದಿರಿ?

ಇದನ್ನು ಸಿಟ್ಟಿನಿಂದ ಕೇಳುವವರೂ ಇದ್ದಾರೆ. ನಾನು ಮಗು ಹುಡುಕಿಕೊಂಡು ಅಲ್ಲಿಗೆ ಹೋಗಿರಲಿಲ್ಲ. ನಾನಿದ್ದ ವಾರ್ಡಿಗೆ ನ್ಯುಮೋನಿಯಾ ಆಗಿದ್ದ ಎರಡೂವರೆ ವರ್ಷದ ಕೂಸನ್ನು ತಂದು ಹಾಕಿದರು. ಜೊತೆಗೆ ಇದ್ದದ್ದು ಅನಾಥಾಶ್ರಮದ ಒಬ್ಬ ಆಯಾ. ಅವಳಿಗೆ ಇನ್ನೂ ಹನ್ನೆರಡು ಮಕ್ಕಳು ನೋಡುವುದಕ್ಕಿತ್ತು, ಸಂಜೆ ಹೊರಟು ಹೋದಳು. ಹದಿನಾರು ದಿನ ಆ ಕೂಸು ವಾರ್ಡಿನಲ್ಲಿತ್ತು. ನನ್ನ ಪಾಳಿ ಮುಗಿದ ಮೇಲೂ ನಾನು ಮನೆಗೆ ಹೋಗಲಿಲ್ಲ. ಇಷ್ಟೇ ಕಾರಣ. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಆದರೆ ನೀವು ಊರಲ್ಲೇ ಇದ್ದು, ಮಗು ಬೇಕು ಅಂತ ಯೋಚಿಸುತ್ತಿದ್ದರೆ, ದಯವಿಟ್ಟು ಮೊದಲು ಇಲ್ಲಿನ ದಾರಿ ನೋಡಿ. ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹೆಸರು ನೋಂದಾಯಿಸಬಹುದು. ಪುಟ್ಟ ಕೂಸೇ ಬೇಕೆಂದರೆ ಮೂರು ವರ್ಷಕ್ಕೂ ಜಾಸ್ತಿ ಕಾಯಬೇಕು. ಐದಾರು ವರ್ಷ ದಾಟಿದ ಮಕ್ಕಳು, ಅಣ್ಣ ತಂಗಿ ಜೊತೆಯಾಗಿರುವ ಮಕ್ಕಳು, ವಿಶೇಷ ಆರೈಕೆ ಬೇಕಾದ ಮಕ್ಕಳು ಅಲ್ಲಿ ಕಾಯುತ್ತಿದ್ದಾರೆ. 2024-25ರಲ್ಲಿ 4,515 ಮಕ್ಕಳಿಗೆ ಕಾನೂನಿನ ಪ್ರಕಾರ ಮನೆ ಸಿಕ್ಕಿತು. ನಿಮ್ಮ ಮಗು ಹಾವೇರಿಯಲ್ಲೋ ಬಳ್ಳಾರಿಯಲ್ಲೋ ಇರಬಹುದು.

ಅವಳಿಗೆ ನಿಜವಾಗಿ ಯಾರೂ ಇಲ್ಲ ಅಂತ ಹೇಗೆ ಗೊತ್ತಾಯಿತು?

ಇದನ್ನು ಕೇಳಿದವರು ಇಷ್ಟು ದಿನದಲ್ಲಿ ಇಬ್ಬರೇ. ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಅನಾಥಾಶ್ರಮದಲ್ಲಿದೆ ಎಂದ ಮಾತ್ರಕ್ಕೆ ಮಗು ಅನಾಥ ಅಲ್ಲ. ಬಡತನಕ್ಕೆ, ಕಾಯಿಲೆಗೆ, ಶಾಲೆಯ ಫೀಸಿಗೆ ಹೆದರಿ ಮಗುವನ್ನು ತಂದು ಬಿಟ್ಟು ಹೋದ ತಾಯಂದಿರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆರು ತಿಂಗಳಿಗೊಮ್ಮೆ ಬಂದು ಬೇಲಿಯ ಆಚೆ ನಿಂತು ನೋಡಿ ಹೋಗುತ್ತಾರೆ. ಅಂಥ ಮಗುವಿನ ಕಾಗದದ ಮೇಲೆ ಅನಾಥ ಅಂತ ಬರೆದು ವಿಮಾನ ಹತ್ತಿಸಿದರೆ ಅದು ದತ್ತು ಅಲ್ಲ, ಕಳ್ಳತನ. ಹೀಗೆ ಆಗಿದ್ದಕ್ಕೇ ಎಷ್ಟೋ ದೇಶಗಳು ಬಾಗಿಲು ಹಾಕಿಕೊಂಡಿವೆ. ಹೇಗ್ ನಗರದಲ್ಲಿ 1993ರಲ್ಲಿ ಆದ ಅಂತರರಾಷ್ಟ್ರೀಯ ದತ್ತು ಒಪ್ಪಂದದ ಮುಖ್ಯ ಮಾತು ಇದೇ: ಮೊದಲು ಮಗುವಿನ ಸ್ವಂತ ಕುಟುಂಬ, ಅದು ಆಗದಿದ್ದರೆ ಅದೇ ದೇಶದ ಬೇರೆ ಕುಟುಂಬ, ಅದೂ ಸಿಗದಿದ್ದರೆ ಮಾತ್ರ ಹೊರದೇಶ. ಭಾರತ ಅದನ್ನು 2003ರಲ್ಲಿ ಒಪ್ಪಿಕೊಂಡಿದೆ.

ನನ್ನ ಮಗಳ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದಕ್ಕೆ ದಾಖಲೆ ಇತ್ತು. ಬೇರೆ ನೆಂಟರಿಲ್ಲ ಎಂದು ಆಶ್ರಮದವರು ಬರೆದು ಕೊಟ್ಟಿದ್ದರು. ನಾನು ಅದನ್ನು ನಂಬಿ ಸುಮ್ಮನಿದ್ದೆ. ನಂಬಬೇಕು ಅಂತ ಆಸೆ ಇತ್ತು, ಅದಕ್ಕೇ ನಂಬಿದೆ. ಆದರೆ ಅಲ್ಲಿನ ನ್ಯಾಯಾಧೀಶರು ಒಪ್ಪಲಿಲ್ಲ. ಇನ್ನೊಮ್ಮೆ ಹುಡುಕಿ, ಅವಳು ಹುಟ್ಟಿದ ಹಳ್ಳಿಗೆ ಹೋಗಿ ವಿಚಾರಿಸಿ ಅಂದರು. ಎಂಟು ತಿಂಗಳು ಹೋಯಿತು. ಎರಡು ದಿನದ ಬಸ್ ದಾರಿಯಾಚೆ ಒಬ್ಬ ಅಜ್ಜಿ ಸಿಕ್ಕರು. ತಾಯಿಯ ತಾಯಿ.

ಆ ಸುದ್ದಿ ಬಂದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅಷ್ಟು ಹೊತ್ತಿಗೆ ಮಗು ನನ್ನ ಮನೆಯಲ್ಲೇ ಪೋಷಣೆಗೆ ಇತ್ತು, ನನ್ನನ್ನು ಮಾಮಾ ಅನ್ನುತ್ತಿತ್ತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಮಾಮಾ ಅಂದರೆ ತಾಯಿ. ಅಜ್ಜಿ ಬೇಕು ಅಂದರೆ ಕೊಟ್ಟುಬಿಡಬೇಕು, ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅವಳ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುವಾಗ ಕೈ ಓಡಲಿಲ್ಲ.

ಅಜ್ಜಿ ಬಂದರು. ಕಣ್ಣು ಮಂಜಾಗಿತ್ತು. ಮೊಮ್ಮಗಳ ಮುಖ, ಕಿವಿ, ಕೈಬೆರಳು ಎಲ್ಲ ಮುಟ್ಟಿ ನೋಡಿದರು. ಮೂರು ದಿನ ನನ್ನ ಮನೆಯಲ್ಲೇ ಉಳಿದರು. ಮಗುವಿಗೆ ಏನು ತಿನ್ನಿಸುತ್ತೇನೆ, ಎಲ್ಲಿ ಮಲಗಿಸುತ್ತೇನೆ, ಸಿಟ್ಟು ಬಂದರೆ ಹೊಡೆಯುತ್ತೇನಾ ಅಂತೆಲ್ಲ ಕೇಳಿದರು. ಕೋರ್ಟಿನಲ್ಲಿ ಒಪ್ಪಿಗೆ ಕೊಟ್ಟರು. ಒಂದೇ ಮಾತು ಕೇಳಿಕೊಂಡರು: ನಾನಿಟ್ಟ ಹೆಸರು ತೆಗೆಯಬೇಡ.

ಆ ಎಂಟು ತಿಂಗಳು ತಡವಾಯಿತು ಅಂತ ಆಗ ನಾನು ಅತ್ತಿದ್ದು ನಿಜ. ಈಗ ಆ ನ್ಯಾಯಾಧೀಶರನ್ನು ನೆನೆದು ಕೈ ಮುಗಿಯುತ್ತೇನೆ.

ಯಾವ ದೇಶದಿಂದಾದರೂ ತರಬಹುದಾ?

ಇಲ್ಲ. ಇಥಿಯೋಪಿಯಾ 2018ರಲ್ಲಿ ಹೊರದೇಶದವರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು. ಕೆನ್ಯಾ 2014ರಲ್ಲೇ ತಡೆ ಹಾಕಿತು. ಚೀನಾ 2024ರಲ್ಲಿ, ಹತ್ತಿರದ ನೆಂಟರನ್ನು ಬಿಟ್ಟು ಉಳಿದ ಹೊರದೇಶದವರಿಗೆ ಕೊಡುವುದನ್ನು ಮುಗಿಸಿತು. ಉಗಾಂಡಾದಲ್ಲಿ 2016ರ ತಿದ್ದುಪಡಿಯ ನಂತರ ಹೊರದೇಶದವರು ಕಡಿಮೆ ಎಂದರೆ 12 ತಿಂಗಳು ಅಲ್ಲೇ ವಾಸ ಮಾಡಬೇಕು, ಮಗುವನ್ನು ಒಂದು ವರ್ಷ ಸಾಕಿ ತೋರಿಸಬೇಕು. ಗಲ್ಫ್‌ನಲ್ಲಿರುವ ನಮ್ಮ ಭಟ್ಕಳ, ಹೊನ್ನಾವರದ ಕಡೆಯವರೂ ಕೇಳುತ್ತಾರೆ. ಹೆಚ್ಚಿನ ಇಸ್ಲಾಮಿ ದೇಶಗಳಲ್ಲಿ ನಾವು ತಿಳಿದ ಹಾಗೆ ದತ್ತು ಇಲ್ಲ, ಕಫಾಲಾ ಎಂಬ ಪೋಷಣೆಯ ಪದ್ಧತಿ ಇದೆ. ಮಗುವನ್ನು ಸಾಕಬಹುದು, ಆದರೆ ವಂಶದ ಹೆಸರು ಬದಲಾಗುವುದಿಲ್ಲ.

ಯುದ್ಧ, ಭೂಕಂಪ ಆದಾಗ ಟೀವಿ ನೋಡಿ ಫೋನ್ ಮಾಡುವವರಿದ್ದಾರೆ. ಆ ಮನಸ್ಸು ದೊಡ್ಡದು, ನನಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಮಗುವನ್ನು ದೇಶದಿಂದ ಹೊರಗೆ ಕಳಿಸಬಾರದು. ಅಪ್ಪನೋ ಚಿಕ್ಕಮ್ಮನೋ ಯಾವುದೋ ಶಿಬಿರದಲ್ಲಿ ಬದುಕಿರಬಹುದು, ಹುಡುಕುವುದಕ್ಕೆ ಕಾಲ ಬೇಕು.

ನಾನು ಆರು ವರ್ಷ ಅಲ್ಲೇ ಕೆಲಸ ಮಾಡಿದ ಮೇಲೆ, 2022ರಲ್ಲಿ ಅರ್ಜಿ ಹಾಕಿದ್ದು. ಊರಲ್ಲೇ ಇದ್ದಿದ್ದರೆ ನನಗೆ ಸಾಧ್ಯವಾಗುತ್ತಿರಲಿಲ್ಲ, ಇದನ್ನು ಖಂಡಿತ ಹೇಳಬಲ್ಲೆ.

ಕಾಗದ ಪತ್ರಕ್ಕೆ ಎಷ್ಟು ಓಡಾಟ?

ತುಂಬಾ. ಜನನ ಪ್ರಮಾಣಪತ್ರ, ಪೊಲೀಸ್ ಕ್ಲಿಯರೆನ್ಸ್, ಆರೋಗ್ಯದ ಪ್ರಮಾಣಪತ್ರ, ಸಂಬಳದ ದಾಖಲೆ, ಮನೆಯ ದಾಖಲೆ, ನಿಮ್ಮನ್ನು ಬಲ್ಲ ಇಬ್ಬರ ಪತ್ರ. ಕನ್ನಡದಲ್ಲಿರುವುದೆಲ್ಲ ಇಂಗ್ಲಿಷಿಗೆ ಅನುವಾದ ಆಗಬೇಕು. ಆಮೇಲೆ ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ದೆಹಲಿಯ ವಿದೇಶಾಂಗ ಇಲಾಖೆಯ ಮುದ್ರೆ. ಅಪಾಸ್ಟೀಲ್ ಅಂದರೆ ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪುವಂತೆ ಹಾಕುವ ಮುದ್ರೆ. ಆ ದೇಶ ಅಪಾಸ್ಟೀಲ್ ಒಪ್ಪಂದದಲ್ಲಿದ್ದರೆ ಅದು ಸಾಕು, ಇಲ್ಲದಿದ್ದರೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ನನ್ನ ಹೆಸರು ಜನನ ಪತ್ರದಲ್ಲಿ ಒಂದು ತರ, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ತರ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ತರ. ನಮ್ಮ ಕಡೆ ಇದು ಮಾಮೂಲು ಅಲ್ವಾ? ಮನೆಯಲ್ಲಿ ಕರೆಯುವ ಹೆಸರನ್ನೇ ಶಾಲೆಗೆ ಬರೆಸಿರುತ್ತಾರೆ. ಅಲ್ಲಿನ ಕೋರ್ಟಿಗೆ ಇವು ಮೂರು ಬೇರೆ ಬೇರೆ ಹೆಂಗಸರು. ಮೂವರೂ ನಾನೇ ಅಂತ ಅಫಿಡವಿಟ್ ಮಾಡಿಸುವುದಕ್ಕೆ ಒಂದು ರಜೆ ಪೂರಾ ಹೋಯಿತು. ನೀವು ಈ ದಾರಿ ಹಿಡಿಯುವವರಾದರೆ ಇವತ್ತೇ ನಿಮ್ಮ ಕಾಗದಗಳನ್ನೆಲ್ಲ ಹೊರಗೆ ತೆಗೆದು ಅಕ್ಷರ ಅಕ್ಷರ ಹೋಲಿಸಿ ನೋಡಿ.

2024ರ ಜುಲೈನಲ್ಲಿ ಇಪ್ಪತ್ತು ದಿನ ರಜೆ ಹಾಕಿ ಬಂದಿದ್ದೆ. ಊರಿನ ಮನೆಯ ಪರಿಶೀಲನಾ ವರದಿ ಬೇಕಿತ್ತು, ಅದಕ್ಕಾಗಿ ಕಾರವಾರಕ್ಕೆ ಹೋಗಬೇಕಿತ್ತು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಮಣ್ಣಿನಡಿ ಜನ ಸಿಕ್ಕಿಕೊಂಡಿದ್ದರು, ಗಂಗಾವಳಿಯಲ್ಲಿ ಹುಡುಕಾಟ ನಡೆದಿತ್ತು, ಅಂಥ ಹೊತ್ತಿನಲ್ಲಿ ನನ್ನ ಒಂದು ವರದಿ ಯಾಕೆ ತಡವಾಯಿತು ಅಂತ ಯಾರನ್ನು ಕೇಳುವುದು? ರೈಲು ಹಿಡಿದು ಹೋಗಿ ಬಂದೆ. ವಾಪಸ್ ವಿಮಾನ ಹತ್ತುವ ಹಿಂದಿನ ದಿನ ವರದಿ ಕೈಗೆ ಬಂತು.

ಒಂಟಿ ಅಂತ ಬೇರೆಯಾಗಿ ಏನಾದರೂ ಕೇಳಿದರಾ?

ಕೇಳಿದರು. ಯಾಕೆ ಮದುವೆಯಾಗಿಲ್ಲ? ಮುಂದೆ ಆಗುವ ವಿಚಾರ ಇದೆಯಾ? ಆದರೆ ಆ ಗಂಡ ಮಗುವನ್ನು ಒಪ್ಪದಿದ್ದರೆ? ರಾತ್ರಿ ಪಾಳಿ ಇದ್ದಾಗ ಮಗು ಯಾರ ಹತ್ತಿರ? ಮೂರು ಬೇರೆ ಬೇರೆ ಮೇಜಿನ ಮುಂದೆ ಇವೇ ಪ್ರಶ್ನೆ. ದಂಪತಿಗಳಿಗೆ ಮಗು ಯಾಕೆ ಬೇಕು ಅಂತ ಕೇಳುತ್ತಾರೆ. ನನಗೆ ಗಂಡ ಯಾಕೆ ಇಲ್ಲ ಅಂತ ಕೇಳಿದರು. ಇಲ್ಲಿನ ಒಂದು ಕಚೇರಿಯಲ್ಲಿ ಒಬ್ಬರು, ಮುದುಕಿಯಾದ ಮೇಲೆ ನೋಡಿಕೊಳ್ಳೋಕೆ ಜನ ಬೇಕಲ್ಲ, ಅದಕ್ಕಾ ಅಂದರು. ಕುರ್ಚಿಯಿಂದ ಎದ್ದು ಬರಬೇಕು ಅನ್ನಿಸಿತು. ಕೂತೇ ಇದ್ದೆ. ನನಗೆ ಅವರ ಸಹಿ ಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾಗಿದ್ದು ನೆಂಟರ ಮುಚ್ಚಳಿಕೆ. ಒಂಟಿಯಾಗಿ ದತ್ತು ಪಡೆಯುವವರಿಗೆ ಏನಾದರೂ ಆದರೆ ಮಗುವನ್ನು ತಾನು ನೋಡಿಕೊಳ್ಳುತ್ತೇನೆ ಅಂತ ಹತ್ತಿರದವರೊಬ್ಬರು ಬರೆದು ಕೊಡಬೇಕು. ನಮ್ಮ ದೇಶದ ನಿಯಮದಲ್ಲೂ ಇದು ಇದೆ. ಸರಿಯಾದ ನಿಯಮವೇ. ಅಣ್ಣ ಸಹಿ ಹಾಕಲಿಲ್ಲ. ಅವನು ಕೆಟ್ಟವನಲ್ಲ, ಹೆದರಿದ. ಆಸ್ತಿ, ಜನರ ಮಾತು, ಅವನ ಮಕ್ಕಳ ಮದುವೆ. ಎರಡು ತಿಂಗಳು ಮನೆಯಲ್ಲಿ ಮಾತಿಲ್ಲ. ಕೊನೆಗೆ ಅತ್ತಿಗೆ ಫೋನ್ ಮಾಡಿ, ನನ್ನ ಹೆಸರಿನಲ್ಲಿ ಬರೆಸು, ನಾನು ಹಾಕ್ತೇನೆ ಅಂದರು. ಅತ್ತಿಗೆ ಓದಿದ್ದು ಏಳನೇ ಕ್ಲಾಸು. ಆ ಕಾಗದದ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿ ಕೇಳಿಸಿಕೊಂಡೇ ಸಹಿ ಹಾಕಿದರು.

ಆದ್ದರಿಂದ ಅರ್ಜಿ ಹಾಕುವ ಮೊದಲೇ ನಿಮ್ಮವರ ಜೊತೆ ಕೂತು ಮಾತಾಡಿ. ಎಲ್ಲರೂ ಒಪ್ಪಬೇಕಾಗಿಲ್ಲ. ಒಬ್ಬರು ಗಟ್ಟಿಯಾಗಿ ಸಿಕ್ಕರೆ ಸಾಕು.

ಭಾರತಕ್ಕೆ ಕರೆತರುವಾಗ ಏನೇನು ಬೇಕು?

ಮೊದಲು ಆ ದೇಶದಲ್ಲಿ ದತ್ತು ಪೂರ್ತಿ ಮುಗಿಯಬೇಕು. ಆ ದೇಶ ಹೇಗ್ ಒಪ್ಪಂದದಲ್ಲಿದ್ದರೆ ಕಾರಾದ ಒಪ್ಪಿಗೆ ಪತ್ರಗಳೂ ಬೇಕು. ಮಗು ಬರುವುದು ಅಲ್ಲಿನ ಪಾಸ್‌ಪೋರ್ಟಿನಲ್ಲಿ. ಅದಕ್ಕೆ ಅಲ್ಲಿರುವ ಭಾರತದ ರಾಯಭಾರ ಕಚೇರಿ ದಾಖಲೆಗಳನ್ನೆಲ್ಲ ನೋಡಿ ಎಂಟ್ರಿ ವೀಸಾ ಕೊಡಬೇಕು, ವಲಸೆಯ ಅನುಮತಿಯೂ ಅವರ ಮೂಲಕವೇ ಬರುತ್ತದೆ. ದತ್ತು ಆದೇಶ ಸಿಕ್ಕಿದ ಕೂಡಲೇ ಮಗು ಭಾರತೀಯಳಾಗುತ್ತಾಳೆ ಅಂತ ತಿಳಿಯಬೇಡಿ. ಪೌರತ್ವಕ್ಕೆ 1955ರ ಕಾಯ್ದೆಯ ಕೆಳಗೆ ಬೇರೆ ಅರ್ಜಿ ಹಾಕಬೇಕು. ಅಲ್ಲಿಯವರೆಗೆ ವೀಸಾದ ಕೊನೆಯ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಒಂದು ಸಣ್ಣ ವಿಷಯ, ಆದರೆ ತಪ್ಪಿದರೆ ಒದ್ದಾಟ: ಆಫ್ರಿಕಾದ ಬಹಳ ದೇಶಗಳಿಂದ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿ 10 ದಿನ ಕಳೆದ ಮೇಲೇ ಅದು ಊರ್ಜಿತ. ಟಿಕೆಟ್ ಅದಕ್ಕೆ ತಕ್ಕ ಹಾಗೆ ಮಾಡಿ. ಆಧಾರ್ ಕೂಡ ಬಂದ ತಕ್ಷಣ ಆಗುವುದಿಲ್ಲ, ವಿದೇಶಿ ಪ್ರಜೆಯಾದರೆ 182 ದಿನ ಇಲ್ಲಿ ವಾಸ ಇರಬೇಕು. ಶಾಲೆಯಲ್ಲಿ ಇದನ್ನು ಮೊದಲೇ ಹೇಳಿ.

ಖರ್ಚು ಎಷ್ಟಾಯಿತು?

ವಕೀಲರು, ಅನುವಾದ, ಮುದ್ರೆಗಳು, ಓಡಾಟ, ವಿಮಾನ ಎಲ್ಲ ಸೇರಿ ನನಗೆ ಏಳು ಲಕ್ಷದ ಹತ್ತಿರ. ಒಂಬತ್ತು ವರ್ಷದ ಉಳಿತಾಯದಲ್ಲಿ ದೊಡ್ಡ ಪಾಲು. ನಡುವೆ ಒಬ್ಬ ಬಂದು ಅಷ್ಟೇ ದುಡ್ಡಿಗೆ ಎರಡು ತಿಂಗಳಲ್ಲಿ ಮುಗಿಸಿ ಕೊಡುತ್ತೇನೆ ಅಂದ. ಎರಡು ತಿಂಗಳಲ್ಲಿ ಮಗು ಕೊಡುತ್ತೇನೆ ಅನ್ನುವವನಿಂದ ದೂರ ಇರಿ, ಅವನು ನಿಮ್ಮ ಸ್ವಂತ ನೆಂಟನೇ ಆಗಿರಲಿ. ಅವನ ಮಾತು ಕೇಳಿದ್ದರೆ ಆ ಅಜ್ಜಿ ಯಾರಿಗೂ ಸಿಗುತ್ತಿರಲಿಲ್ಲ.

ಹೆರಿಗೆ ರಜೆ ಸಿಗುತ್ತದಾ?

ನನಗೆ ಸಿಗಲಿಲ್ಲ. ಆಗ ಇದ್ದ 2017ರ ತಿದ್ದುಪಡಿಯ ನಿಯಮದಲ್ಲಿ 12 ವಾರ ರಜೆ ಬರೆದಿದ್ದು ಮೂರು ತಿಂಗಳ ಒಳಗಿನ ಕೂಸನ್ನು ದತ್ತು ಪಡೆದವರಿಗೆ. ಮೂರು ತಿಂಗಳ ಕೂಸು ದತ್ತಿಗೆ ಸಿಗುವುದು ಎಷ್ಟು ಜನಕ್ಕೆ? ದೊಡ್ಡ ಮಗುವಿಗೆ ಅಮ್ಮ ಹತ್ತಿರ ಇರುವುದು ಇನ್ನೂ ಜಾಸ್ತಿ ಬೇಕು. ಆ ನಿಯಮ ತಪ್ಪಾಗಿತ್ತು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೆಯುತ್ತೀರಿ?

ಏನೂ ಬರೆಯುವುದಿಲ್ಲ. ಪಾಸ್‌ಪೋರ್ಟಿಗೆ 2016ರ ಡಿಸೆಂಬರಿನಿಂದ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಮದುವೆಯಾಗದ ತಾಯಿ ಮಗುವಿನ ತಂದೆಯ ಹೆಸರು ಹೇಳದೆಯೂ ಪೋಷಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಫಾರಂ ತುಂಬಿಸಿಕೊಳ್ಳುವವರು ಪೆನ್ನು ಹಿಡಿದು ನಿಮ್ಮ ಮುಖ ನೋಡುತ್ತಾರೆ. ದತ್ತು ಆದೇಶದ ಪ್ರತಿ ಯಾವಾಗಲೂ ಚೀಲದಲ್ಲಿರಲಿ. ಮಗುವಿನ ಎದುರು ಈ ವಿಷಯಕ್ಕೆ ಜಗಳ ಮಾಡಬೇಡಿ, ಅವಳನ್ನು ಹೊರಗೆ ಆಡಲು ಬಿಟ್ಟು ಒಳಗೆ ಹೋಗಿ ಮಾತಾಡಿ.

ಸಿದ್ದಿ ಮಗುವಾ?

ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ದೇವಸ್ಥಾನದಲ್ಲಿ ಇದೇ ಪ್ರಶ್ನೆ. ಯಲ್ಲಾಪುರದವಳಾ, ಹಳಿಯಾಳದವಳಾ ಅಂತ. ಕೇಳುವವರಿಗೆ ಅದು ಸಹಜ. ನಮ್ಮ ಜಿಲ್ಲೆಯ ಕಾಡಿನಲ್ಲಿ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಗುಲಾಮರಾಗಿ ತಂದ ಆಫ್ರಿಕಾದ ಜನರ ಮಕ್ಕಳು ಮೊಮ್ಮಕ್ಕಳು ಅವರು. ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಮೊದಮೊದಲು ನಾನು ಎಲ್ಲರಿಗೂ ಅಲ್ಲ ಅಲ್ಲ ಅಂತ ವಿವರಿಸುತ್ತಿದ್ದೆ. ಈಗ ಮಗಳು ಅಂತಷ್ಟೇ ಹೇಳುತ್ತೇನೆ.

ಆದರೆ ಆ ಪ್ರಶ್ನೆಯಿಂದಲೇ ನನಗೆ ಒಂದು ದಾರಿ ಸಿಕ್ಕಿತು. ಅವಳ ಕೂದಲು ಬಾಚುವುದು ನನಗೆ ಬರುತ್ತಿರಲಿಲ್ಲ. ಎಣ್ಣೆ ಹಚ್ಚಿ ಎಳೆದರೆ ಅಳುತ್ತಿದ್ದಳು. ಯಲ್ಲಾಪುರದ ಹತ್ತಿರದ ಹಳ್ಳಿಯ ಸಿದ್ದಿ ಅಕ್ಕ ಒಬ್ಬರು, ಒದ್ದೆ ಇರುವಾಗಲೇ ತುದಿಯಿಂದ ಮೇಲಕ್ಕೆ ಬಿಡಿಸುವುದು, ಸಣ್ಣ ಸಣ್ಣ ಜಡೆ ಹೆಣೆಯುವುದು ಎಲ್ಲ ಕಲಿಸಿಕೊಟ್ಟರು. ಅವರ ಮನೆಯಲ್ಲಿ ಮೊದಲ ಸಲ ಡಮಾಮಿಯ ಬಡಿತ ಕೇಳಿದಾಗ ಮಗಳು ನನ್ನ ಕೈ ಬಿಟ್ಟು ಹೋಗಿ ಕುಣಿಯುವವರ ನಡುವೆ ನಿಂತಳು. ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತೇವೆ.

ಅವಳಿಗೆ ಎಲ್ಲ ಹೇಳಿದ್ದೀರಾ?

ಹೌದು. ಮುಚ್ಚಿಡುವುದಕ್ಕೆ ಏನಿದೆ? ಬಂದ ಹೊಸದರಲ್ಲಿ ರಾತ್ರಿ ಎದ್ದು ಮಾಜಿ, ಮಾಜಿ ಅನ್ನುತ್ತಿದ್ದಳು. ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಗೊತ್ತಾಗದೆ ಗಾಬರಿಯಾಗುತ್ತಿತ್ತು. ಸ್ವಾಹಿಲಿಯಲ್ಲಿ ಮಾಜಿ ಅಂದರೆ ನೀರು. ಆಯಿ ಒಂದು ವಾರದಲ್ಲಿ ಕಲಿತರು, ಈಗ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮಾಜಿ ಕೊಡು ಅನ್ನುತ್ತಾರೆ. ಅನ್ನ ಬೇಡ ಅಂತ ಹಟ ಮಾಡುವ ದಿನ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಅಂದರೆ ಅಲ್ಲಿಯ ಮುದ್ದೆ, ಮಾಡಿಕೊಡುತ್ತೇನೆ, ಮೀನು ಸಾರಿನ ಜೊತೆ ತಿನ್ನುತ್ತಾಳೆ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು, ಅದು ನಮ್ಮಿಬ್ಬರಿಗೂ ಸುಲಭವಾಯಿತು.

ಅಜ್ಜಿ ಜೊತೆ ಈಗಲೂ ಮಾತಾಡ್ತಾಳಾ?

ಭಾನುವಾರ ಸಂಜೆ. ಅಲ್ಲಿ ಪಕ್ಕದ ಮನೆಯ ಹುಡುಗನ ಫೋನಿನಿಂದ. ಅವಳು ಬೀಬಿ ಅಂತ ಕೂಗುತ್ತಾಳೆ, ಅಜ್ಜಿ ಅವಳ ಹೆಸರನ್ನು ಪೂರ್ತಿ ಉದ್ದಕ್ಕೆ ಕರೆಯುತ್ತಾರೆ. ಆ ಹೆಸರನ್ನು ನಾನು ತೆಗೆದಿಲ್ಲ. ಶಾಲೆಯಲ್ಲೂ ಅದೇ.

ಆದರೆ ಅವಳ ಸ್ವಾಹಿಲಿ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ. ಕನ್ನಡ ಬೇಗ ಬಂತು, ಆಯಿಯ ಜೊತೆ ಕೊಂಕಣಿಯನ್ನೂ ಆಡುತ್ತಾಳೆ. ಹೋದ ವಾರ ಅಜ್ಜಿ ಏನೋ ಕೇಳಿದರು, ಅವಳಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ನನ್ನದು ಆಸ್ಪತ್ರೆಯ ಸ್ವಾಹಿಲಿ. ನೋವು ಎಲ್ಲಿ, ಜ್ವರ ಎಷ್ಟು ದಿನದಿಂದ ಅಂತ ಕೇಳುವಷ್ಟು ಬರುತ್ತದೆ, ಮಗುವಿಗೆ ಕಥೆ ಹೇಳುವಷ್ಟು ಬರುವುದಿಲ್ಲ. ಧಾರವಾಡ, ಹುಬ್ಬಳ್ಳಿ, ಮಣಿಪಾಲದ ಕಡೆ ಓದುತ್ತಿರುವ ಪೂರ್ವ ಆಫ್ರಿಕಾದ ವಿದ್ಯಾರ್ಥಿಗಳು ನಿಮಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ವಾರಕ್ಕೆ ಒಂದು ಗಂಟೆ ಅವಳ ಜೊತೆ ಫೋನಿನಲ್ಲಿ ಮಾತಾಡಿದರೆ ಸಾಕು. ಹುಡುಗಿಯಾದರೆ ಒಳ್ಳೆಯದು. ರಜೆಯಲ್ಲಿ ಕುಮಟಾಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿಯಬಹುದು.